ವಹಾಕಾಗೆ ಹೋಗುವ ಮುಂಚೆ ವಾರದ ದಿನಗಳನ್ನು ನೋಡಿ

ಮೊದಲೇ ಹೇಳಿಬಿಡುತ್ತೇನೆ. ಊರಿಗೆ ಐದರಲ್ಲಿ ನಾಲ್ಕೂವರೆ ಸ್ಟಾರ್. ಅಲ್ಲಿಗೆ ಹೋದವರೆಲ್ಲ ಕಣ್ಣು ಮುಚ್ಚಿ ಬುಕ್ ಮಾಡುವ ಒಂದು ದಿನದ ವ್ಯಾನ್ ಟೂರಿಗೆ ಎರಡೇ ಸ್ಟಾರ್, ಅದೂ ಡ್ರೈವರ್ ನಿಧಾನವಾಗಿ, ಜಾಗ್ರತೆಯಾಗಿ ಓಡಿಸಿದ ಅನ್ನುವ ಕಾರಣಕ್ಕೆ.

ವಹಾಕಾ ಇರುವುದು ಮೆಕ್ಸಿಕೊದ ದಕ್ಷಿಣದಲ್ಲಿ. ಸಮುದ್ರ ಇಲ್ಲ, ಬೀಚ್ ಇಲ್ಲ. ಬೆಟ್ಟಗಳ ನಡುವಿನ ಕಣಿವೆ, ಸುಮಾರು 1,550 ಮೀಟರ್ ಎತ್ತರ. ಅಮೆರಿಕದಲ್ಲಿರುವ ನಮ್ಮವರಿಗೆ ಮೆಕ್ಸಿಕೊ ಅಂದರೆ ಕ್ಯಾನ್‌ಕುನ್, ಕೈಗೊಂದು ಪಟ್ಟಿ ಕಟ್ಟಿಸಿಕೊಂಡು ರೆಸಾರ್ಟಿನೊಳಗೇ ಮೂರು ಹೊತ್ತು ಬಫೆ ತಿಂದು ವಾಪಸ್ ಬರುವುದು. ಅದು ಬೇಕಾದವರಿಗೆ ಅದು. ಅಮ್ಮ ಮೈಸೂರಿನಿಂದ ಬಂದಿದ್ದರು, ಅವರಿಗೆ ಬಿಸಿಲಲ್ಲಿ ಮರಳ ಮೇಲೆ ಕೂರುವುದರಲ್ಲಿ ಎಳ್ಳಷ್ಟೂ ಆಸಕ್ತಿ ಇಲ್ಲ, ಸಂತೆ ಅಂದರೆ ಮಾತ್ರ ಬೆಳಗ್ಗೆ ಆರಕ್ಕೇ ರೆಡಿ. ಹಾಗಾಗಿ ವಹಾಕಾ.

ಈ ಊರಿಗೆ ಪ್ಲಾನ್ ಮಾಡುವವರು "ನೋಡಬೇಕಾದ ಹತ್ತು ಜಾಗ" ಅನ್ನುವ ಪಟ್ಟಿ ಬದಿಗಿಟ್ಟು ಕ್ಯಾಲೆಂಡರ್ ತೆಗೆಯಿರಿ. ಸುತ್ತಲಿನ ಕಣಿವೆಯ ಊರುಗಳಲ್ಲಿ ಇವತ್ತಿಗೂ ವಾರದ ಸಂತೆ ನಡೆಯುತ್ತದೆ. ಬುಧವಾರ ಎತ್ಲಾ, ಗುರುವಾರ ಸಾಚಿಲಾ, ಶುಕ್ರವಾರ ಒಕೊತ್ಲಾನ್, ಭಾನುವಾರ ತ್ಲಾಕೊಲುಲಾ. ಭಾನುವಾರದ್ದು ಎಲ್ಲಕ್ಕಿಂತ ದೊಡ್ಡದು. ಚರ್ಚಿನ ಸುತ್ತ ಬೀದಿಬೀದಿಯೆಲ್ಲ ಸಂತೆ, ಕಾಲಿಡಲು ಜಾಗವಿಲ್ಲ. ಜೀವಂತ ಟರ್ಕಿ ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಚೌಕಾಸಿ ಮಾಡುವ ಅಜ್ಜಿಯರು, ರಾಶಿ ಹಾಕಿದ ಒಣಮೆಣಸಿನಕಾಯಿ, ನೇಗಿಲು ಕುಡುಗೋಲಿನಿಂದ ಹಿಡಿದು ಮೊಬೈಲ್ ಕವರ್‌ವರೆಗೆ ಎಲ್ಲ. ಸುತ್ತ ಕೇಳುವ ಮಾತು ಸ್ಪ್ಯಾನಿಷ್ ಅಷ್ಟೇ ಅಲ್ಲ, ಅಲ್ಲಿನ ಮೂಲನಿವಾಸಿಗಳ ಜಪೊಟೆಕ್ ಕೂಡ. ಇದನ್ನು ಬಿಟ್ಟು ಭಾನುವಾರ ಬೆಳಗ್ಗೆ ಹೋಟೆಲಿನಲ್ಲಿ ನಿಧಾನವಾಗಿ ತಿಂಡಿ ತಿನ್ನುತ್ತಾ ಕೂತರೆ ಅರ್ಧ ಪ್ರವಾಸ ಕಳೆದುಕೊಂಡ ಹಾಗೆ. ಇನ್ನು ಸೋಮವಾರ ಮ್ಯೂಸಿಯಂಗಳಿಗೆ ರಜಾ. ಹಾಗಾಗಿ ಶುಕ್ರವಾರ ರಾತ್ರಿ ಬಂದು ಸೋಮವಾರ ಹೊರಡುವ ಲಾಂಗ್ ವೀಕೆಂಡ್ ಪ್ಲಾನ್ ಈ ಊರಿಗೆ ಹೊಂದುವುದಿಲ್ಲ. ಗುರುವಾರ ಬಂದು ಬುಧವಾರ ಹೊರಡಿ. ರಜೆ ಅಷ್ಟು ಇಲ್ಲ ಅಂದರೆ ಭಾನುವಾರವನ್ನಾದರೂ ಮಧ್ಯದಲ್ಲಿ ಇಟ್ಟುಕೊಳ್ಳಿ.

ತಿಂಗಳ ವಿಷಯ ಸರಳ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ಹೆಚ್ಚಾಗಿ ಮಧ್ಯಾಹ್ನದ ಮೇಲೆ ಸುರಿದು ನಿಲ್ಲುತ್ತದೆ, ಬೆಟ್ಟ ಹಸಿರಾಗಿರುತ್ತದೆ. ಏಪ್ರಿಲ್, ಮೇ ಸುಡುಬಿಸಿಲು. ನವೆಂಬರ್‌ನಿಂದ ಮಾರ್ಚ್ ಆರಾಮ, ರಾತ್ರಿ ಸ್ವೆಟರ್ ಬೇಕಾಗುತ್ತದೆ. ಅಕ್ಟೋಬರ್ 31ರಿಂದ ನವೆಂಬರ್ 2ರವರೆಗೆ ಸತ್ತವರ ಹಬ್ಬ. ಸ್ಮಶಾನಗಳಲ್ಲಿ ರಾತ್ರಿಯಿಡೀ ದೀಪ, ಚೆಂಡುಹೂ, ಹಾಡು. ನಿಜಕ್ಕೂ ನೋಡುವಂಥದ್ದು, ಆದರೆ ರೂಮು ಎಷ್ಟೋ ತಿಂಗಳು ಮೊದಲೇ ಖಾಲಿಯಾಗುತ್ತದೆ, ಬಾಡಿಗೆ ಬೇರೆ ಕಣ್ಣು ಕುಕ್ಕುತ್ತದೆ. ಜುಲೈ 16ರ ನಂತರದ ಎರಡು ಸೋಮವಾರ ಗೆಲಗೆಟ್ಸಾ ಅನ್ನುವ ದೊಡ್ಡ ಕುಣಿತದ ಹಬ್ಬ, ಆಗಲೂ ಇದೇ ಕತೆ. ಡಿಸೆಂಬರ್ 23ರ ಸಂಜೆ ಮೂಲಂಗಿ ಕೆತ್ತಿ ಬೊಂಬೆ ಮಾಡಿ ಸಾಲಾಗಿ ಇಡುವ ಸ್ಪರ್ಧೆ ಇದೆ, ಸುಮ್ನೆ ಹೇಳುತ್ತಿಲ್ಲ, ಮೂಲಂಗಿಯೇ. ಜನಜಂಗುಳಿ ಆಗದವರು ಫೆಬ್ರವರಿ ನೋಡಿ.

ವೀಸಾ ಬಗ್ಗೆ ನಮ್ಮ ಪಾಸ್‌ಪೋರ್ಟಿನವರು ಗಮನವಿಟ್ಟು ಓದಿ. ಭಾರತೀಯರಿಗೆ ಮೆಕ್ಸಿಕೊ ವೀಸಾ ಬೇಕು. ಆದರೆ ಅಮೆರಿಕ, ಕೆನಡಾ, ಬ್ರಿಟನ್, ಜಪಾನ್ ಅಥವಾ ಷೆಂಗೆನ್ ದೇಶದ ಚಾಲ್ತಿಯಲ್ಲಿರುವ ವೀಸಾ ಪಾಸ್‌ಪೋರ್ಟಿನಲ್ಲಿ ಇದ್ದರೆ ಪ್ರವಾಸಕ್ಕೆ ಪ್ರತ್ಯೇಕ ವೀಸಾ ಬೇಡ. ಗ್ರೀನ್ ಕಾರ್ಡ್ ಇದ್ದರೂ ಸಾಕು. ಗರಿಷ್ಠ 180 ದಿನ, ಆದರೆ ಎಷ್ಟು ದಿನ ಕೊಡಬೇಕು ಅನ್ನುವುದು ಇಮಿಗ್ರೇಷನ್ ಕೌಂಟರಿನವರ ಕೈಯಲ್ಲಿ. ಮುದ್ರೆ ಹಾಕಿದ ಮೇಲೆ ಒಮ್ಮೆ ನೋಡಿಕೊಳ್ಳಿ. ಎಚ್‌1ಬಿಯವರು ಎಡವುವುದು ಇಲ್ಲೇ: ಕೆಲಸದ ಅನುಮತಿ ಮುಂದುವರಿದಿರುತ್ತದೆ, ಕಾಗದ ಕೈಯಲ್ಲಿರುತ್ತದೆ, ಪಾಸ್‌ಪೋರ್ಟಿನಲ್ಲಿನ ವೀಸಾ ಸ್ಟ್ಯಾಂಪ್ ಮಾತ್ರ ಅವಧಿ ಮುಗಿದಿರುತ್ತದೆ. ಆ ಕಾಗದ ತೋರಿಸಿ ಮೆಕ್ಸಿಕೊ ಒಳಗೆ ಹೋಗಲು ಆಗುವುದಿಲ್ಲ. ಟಿಕೆಟ್ ತೆಗೆಯುವ ಮೊದಲು ಕಾನ್ಸುಲೇಟ್ ಸೈಟಿನಲ್ಲಿ ಆ ಹೊತ್ತಿನ ನಿಯಮ ಓದಿ. ಬೆಂಗಳೂರಿನಿಂದ ನೇರವಾಗಿ ಬರುವವರು ಯುರೋಪ್ ಮೂಲಕ ಬನ್ನಿ. ಅಮೆರಿಕದಲ್ಲಿ ವಿಮಾನ ಬದಲಿಸುವುದಾದರೆ ಅದಕ್ಕೂ ಅಮೆರಿಕದ ವೀಸಾ ಬೇಕೇ ಬೇಕು.

ಹ್ಯೂಸ್ಟನ್, ಡಲ್ಲಾಸ್ ಕಡೆಯಿಂದ ವಹಾಕಾಗೆ ನೇರ ವಿಮಾನ ಇದೆ. ನಾವು ಬೇಕಂತಲೇ ಮೆಕ್ಸಿಕೊ ಸಿಟಿಗೆ ಇಳಿದು ಅಲ್ಲಿಂದ ಬಸ್ ಹಿಡಿದೆವು, ಮತ್ತೆ ಹೋದರೂ ಅದನ್ನೇ ಮಾಡುತ್ತೇನೆ. ಟಾಪೊ ಅನ್ನುವ ಪೂರ್ವದ ಬಸ್ ನಿಲ್ದಾಣದಿಂದ ಎಡಿಒ ಅನ್ನುವ ಕಂಪನಿಯ ಬಸ್‌ಗಳು ಹೊರಡುತ್ತವೆ, ಸಾನ್ ಲಾಸರೊ ಮೆಟ್ರೊ ಅದರ ಪಕ್ಕದಲ್ಲೇ. ಆರೂವರೆ ಏಳು ಗಂಟೆಯ ದಾರಿ. ಮಾಮೂಲಿ ಎಡಿಒ ಸಾಕು. ಕಾಲು ಚಾಚಿ ಮಲಗಬೇಕು ಅನ್ನುವವರಿಗೆ ಪ್ಲಾಟಿನೊ ಅನ್ನುವ ದುಬಾರಿ ದರ್ಜೆ. ಬೇಗ ಬುಕ್ ಮಾಡಿದರೆ ಕಡಿಮೆ ದರ ಸಿಗುತ್ತದೆ. ರಾತ್ರಿ ಬಸ್ಸಿನಲ್ಲಿ ಹೋಗಿ ಒಂದು ದಿನದ ಬಾಡಿಗೆ ಉಳಿಸೋಣ ಅನ್ನಿಸುತ್ತದೆ, ಅಲ್ವಾ? ಬೇಡ. ದಾರಿಯಲ್ಲಿ ತೆಹುವಾಕಾನ್ ಕಡೆಯ ಬೆಟ್ಟಗಳ ಮೇಲೆ ಕಂಬಗಳ ಹಾಗೆ ನಿಂತ ಕಳ್ಳಿಗಿಡಗಳು ಮೈಲಿಗಟ್ಟಲೆ ಹಬ್ಬಿವೆ, ಅದನ್ನು ನಿದ್ದೆಯಲ್ಲಿ ಕಳೆಯಬೇಡಿ. ಏಸಿ ಮಾತ್ರ ವಿಪರೀತ ಚಳಿ. ಶಾಲು ಕೈಗೆ ಸಿಗುವ ಬ್ಯಾಗಿನಲ್ಲಿರಲಿ, ವಾಂತಿಯಾಗುವವರು ತಿರುವು ಶುರುವಾಗುವ ಮೊದಲೇ ಮಾತ್ರೆ ನುಂಗಿ.

ಈಗ ಆ ಟೂರಿನ ವಿಷಯ. ಊರಿನ ಯಾವ ಬೀದಿಗೆ ಹೋದರೂ ಬೋರ್ಡ್ ಇರುತ್ತದೆ: ತೂಲೆ ಮರ, ತೆಯೊತಿತ್ಲಾನ್ ನೇಕಾರರು, ಮಿತ್ಲಾ, ಯೆರ್ವೆ ಎಲ್ ಆಗ್ವಾ, ಮೆಸ್ಕಾಲ್ ಅನ್ನುವ ಮದ್ಯದ ಬಟ್ಟಿ, ಎಲ್ಲ ಒಂದೇ ದಿನದಲ್ಲಿ. ಕಂಪನಿ ಹೆಸರು ಹೇಳುವುದಿಲ್ಲ, ಯಾಕಂದರೆ ಬೋರ್ಡು ಎಷ್ಟೇ ಇದ್ದರೂ ಎಲ್ಲರ ದಾರಿಯೂ ಹೆಚ್ಚುಕಡಿಮೆ ಇದೇ. ಬೆಳಗ್ಗೆ ಹೋಟೆಲ್ ಹೋಟೆಲ್ ಸುತ್ತಿ ಜನರನ್ನು ತುಂಬಿಸಿಕೊಳ್ಳುವುದರಲ್ಲೇ ಬಿಸಿಲು ಏರಿತು. ತೂಲೆಯಲ್ಲಿ ಫೋಟೋ ತೆಗೆಯುವಷ್ಟು ಹೊತ್ತು. ಮಿತ್ಲಾ ಅಂದರೆ ಗಾರೆ ಇಲ್ಲದೆ ಸಣ್ಣ ಸಣ್ಣ ಕಲ್ಲುಚೂರು ಜೋಡಿಸಿ ಗೋಡೆ ತುಂಬ ರೇಖಾಚಿತ್ತಾರ ಮಾಡಿರುವ ಪ್ರಾಚೀನ ಕಟ್ಟಡಗಳ ಜಾಗ, ಒಂದೊಂದು ಗೋಡೆಯ ಚಿತ್ತಾರ ಬೇರೆ, ನಿಂತು ನೋಡಬೇಕು. ಅಲ್ಲಿ ಗೈಡ್ ಗಡಿಯಾರ ತೋರಿಸಿ ಓಡಿಸಿದ. ಆದರೆ ಮೆಸ್ಕಾಲ್ ಅಂಗಡಿಯಲ್ಲಿ? ಕೂರಿಸಿ, ಲೋಟದ ಮೇಲೆ ಲೋಟ ಕೊಟ್ಟು, ಬೇಕಾದಷ್ಟು ಹೊತ್ತು. ಕಂಬಳಿ ಅಂಗಡಿಯಲ್ಲೂ ಹಾಗೇ. ಪ್ರವೇಶ ಶುಲ್ಕಗಳು ಟಿಕೆಟಿನಲ್ಲಿ ಸೇರಿಲ್ಲ ಅನ್ನುವುದನ್ನು ವ್ಯಾನ್ ಹತ್ತಿದ ಮೇಲೆ ಹೇಳಿದರು. ಮಧ್ಯಾಹ್ನದ ಬಫೆಯಲ್ಲಿ ಅಮ್ಮ ತಿನ್ನಬಹುದಾಗಿದ್ದದ್ದು ಪಪಾಯಿ ಮತ್ತು ಒಂದು ಬಗೆಯ ಬ್ರೆಡ್. ದುಡ್ಡು ಜಾಸ್ತಿ ಅಲ್ಲ, ನಿಜ. ಆದರೆ ದಿನವೇ ಹೋಯಿತು.

ಇದನ್ನೇ ಎರಡು ದಿನವಾಗಿ ಒಡೆದುಕೊಳ್ಳಿ. ಭಾನುವಾರ ಬೆಳಗ್ಗೆ ತ್ಲಾಕೊಲುಲಾ ಸಂತೆ, ಬರುವಾಗ ತೆಯೊತಿತ್ಲಾನ್ ಮತ್ತು ತೂಲೆ, ಎಲ್ಲ ಒಂದೇ ಹೆದ್ದಾರಿಯ ಆಸುಪಾಸಿನಲ್ಲಿವೆ. ಬೇಸ್‌ಬಾಲ್ ಸ್ಟೇಡಿಯಂ ಹತ್ತಿರದಿಂದ ಬಸ್ಸೂ ಶೇರ್ ಟ್ಯಾಕ್ಸಿಯೂ ಸಿಗುತ್ತವೆ. ಶೇರ್ ಟ್ಯಾಕ್ಸಿಗೆ ಅಲ್ಲಿ ಕೊಲೆಕ್ತಿವೊ ಅನ್ನುತ್ತಾರೆ, ಮುಂದಿನ ಸೀಟಿನಲ್ಲಿ ಡ್ರೈವರ್ ಪಕ್ಕ ಇಬ್ಬರನ್ನು ತುರುಕುತ್ತಾರೆ, ಹಳ್ಳಿ ಟೆಂಪೊದಲ್ಲಿ ಓಡಾಡಿದವರಿಗೆ ಹೊಸದೇನೂ ಅಲ್ಲ. ತೂಲೆ ಮರದ ಕಾಂಡದ ಅಡ್ಡಗಲ ಸುಮಾರು 14 ಮೀಟರ್. ಪಕ್ಕದಲ್ಲಿರುವ ಚರ್ಚ್ ಚಿಕ್ಕದಾಗಿ ಕಾಣುತ್ತದೆ. ತೆಯೊತಿತ್ಲಾನ್‌ನಲ್ಲಿ ಯಾವುದಾದರೂ ನೇಕಾರರ ಮನೆಯೊಳಗೆ ಹೋಗಿ ಬಣ್ಣ ಮಾಡುವುದನ್ನು ನೋಡಿ. ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೊಚಿನಿಲ್ ಹುಳವನ್ನು ಒಣಗಿಸಿ ಅರೆದರೆ ರಕ್ತಗೆಂಪು. ಅದಕ್ಕೆ ಒಂದು ಹನಿ ನಿಂಬೆರಸ ಬಿದ್ದರೆ ಕಿತ್ತಳೆ ಕಡೆಗೆ ತಿರುಗುತ್ತದೆ. ಅಂಗೈ ಮೇಲೆಯೇ ಮಾಡಿ ತೋರಿಸುತ್ತಾರೆ.

ಇನ್ನೊಂದು ದಿನ ಮಿತ್ಲಾ ಮತ್ತು ಯೆರ್ವೆ ಎಲ್ ಆಗ್ವಾ. ವಯಸ್ಸಾದವರಿದ್ದರೆ ದಿನಕ್ಕೆ ಒಂದು ಟ್ಯಾಕ್ಸಿ ಮಾತಾಡಿಕೊಳ್ಳಿ, ಮೂರು ನಾಲ್ಕು ಜನರಾದರೆ ಟೂರಿಗಿಂತ ತುಂಬ ಜಾಸ್ತಿ ಆಗುವುದಿಲ್ಲ. ಯೆರ್ವೆ ಎಲ್ ಆಗ್ವಾ ಅಂದರೆ ಬೆಟ್ಟದ ಅಂಚಿನಿಂದ ಸುಣ್ಣದ ನೀರು ಸಾವಿರಾರು ವರ್ಷ ಇಳಿದು ಕಲ್ಲಾಗಿ ನಿಂತ ಜಲಪಾತ, ಮೇಲೆ ಸಣ್ಣ ಕೊಳಗಳು. ಬಿಸಿನೀರ ಬುಗ್ಗೆ ಅಂದುಕೊಂಡು ಟವೆಲ್ ಹಿಡಿದು ಹೋಗಬೇಡಿ, ನೀರು ಬೆಚ್ಚಗಿಲ್ಲ. ರಸ್ತೆ ಬಳಸಲು ಒಂದು ಚೀಟಿ, ಒಳಗೆ ಹೋಗಲು ಇನ್ನೊಂದು ಚೀಟಿ, ಎರಡಕ್ಕೂ ನಗದೇ ಕೊಡಬೇಕು. ಅಕ್ಕಪಕ್ಕದ ಊರಿನವರ ಜಗಳದಿಂದ ಈ ಜಾಗ ಹಿಂದೆ ಬಾಗಿಲು ಹಾಕಿದ್ದೂ ಉಂಟು, ಹಾಗಾಗಿ ಹಿಂದಿನ ದಿನ ರೂಮಿನವರನ್ನು ಕೇಳಿಕೊಂಡೇ ಹೊರಡಿ. ಮಂಡಿ ನೋವಿನವರು ಮೇಲಿನ ಕೊಳದ ಬಳಿಯೇ ಕೂರಬಹುದು, ಕೆಳಗಿಳಿಯುವ ದಾರಿ ಕಡಿದಾಗಿದೆ.

ಮೊಂತೆ ಅಲ್ಬಾನ್‌ಗೆ ಟೂರ್ ಬೇಕಿಲ್ಲ. ಊರಿನಿಂದ 9 ಕಿಲೋಮೀಟರ್. ಕ್ರಿಸ್ತಪೂರ್ವ 500ರ ಸುಮಾರಿಗೆ ಜಪೊಟೆಕ್ ಜನ ಬೆಟ್ಟದ ತುದಿಯನ್ನೇ ಸಮತಟ್ಟು ಮಾಡಿ ಕಟ್ಟಿದ ನಗರ. ಗೇಟ್ ತೆಗೆಯುವ ಹೊತ್ತಿಗೆ ಅಲ್ಲಿರಿ. ಮರದ ನೆರಳು ಇಲ್ಲ, ಟೋಪಿ ಮತ್ತು ನೀರು ಮರೆತರೆ ಕಷ್ಟ. ಭಾನುವಾರ ಮೆಕ್ಸಿಕನ್ನರಿಗೆ ಪ್ರವೇಶ ಉಚಿತ, ಜನ ತುಂಬಿರುತ್ತಾರೆ, ಹೇಗೂ ನೀವು ಆ ದಿನ ಸಂತೆಯಲ್ಲಿರುತ್ತೀರಿ. ಬೆಟ್ಟದಿಂದ ಇಳಿದ ಮೇಲೆ, ಸೋಮವಾರ ಅಲ್ಲದಿದ್ದರೆ, ಸಾಂತೊ ದೊಮಿಂಗೊ ಚರ್ಚ್ ಪಕ್ಕದ ಹಳೇ ಮಠದಲ್ಲಿರುವ ಮ್ಯೂಸಿಯಂಗೆ ಹೋಗಿ. 1932ರಲ್ಲಿ ಪುರಾತತ್ವಜ್ಞ ಅಲ್ಫೊನ್ಸೊ ಕಾಸೊ ಮೊಂತೆ ಅಲ್ಬಾನ್‌ನ ಏಳನೇ ಸಮಾಧಿಯಲ್ಲಿ ಕಂಡ ಚಿನ್ನ, ಟರ್ಕಾಯಿಸ್ ಅನ್ನುವ ನೀಲಿ ಹರಳು ಕೂರಿಸಿದ ತಲೆಬುರುಡೆ, ಕೆತ್ತಿದ ಮೂಳೆಗಳು ಎಲ್ಲ ಅಲ್ಲಿವೆ. ಈ ಎರಡನ್ನೂ ನೋಡಿದರೆ ಮಾತ್ರ ಆ ಬೆಟ್ಟ ಅರ್ಥವಾಗುತ್ತದೆ. ವಿವರಣೆ ಹೆಚ್ಚಾಗಿ ಸ್ಪ್ಯಾನಿಷ್‌ನಲ್ಲಿದೆ, ಫೋನಿನ ಅನುವಾದದ ಆ್ಯಪ್ ಮೊದಲೇ ಆಫ್‌ಲೈನಿಗೆ ಇಳಿಸಿಕೊಳ್ಳಿ.

ಊಟ. ಸಸ್ಯಾಹಾರಿಗಳು ಇಲ್ಲಿ ನಿಧಾನವಾಗಿ ಓದಿ, ಯಾಕಂದರೆ ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ವಹಾಕಾದ ಹೆಸರಾದ ತಿಂಡಿ ತ್ಲಾಯುದಾ, ತಟ್ಟೆಗಿಂತ ಅಗಲದ ಗರಿಗರಿ ಮೆಕ್ಕೆಜೋಳದ ರೊಟ್ಟಿ, ಮೇಲೆ ಬೀನ್ಸ್ ಕಾಳಿನ ಪೇಸ್ಟ್, ಎಳೆಎಳೆಯಾಗಿ ಬಿಡಿಸುವ ಕೆಸಿಯೊ ಚೀಸ್, ಕೋಸು, ಬೆಣ್ಣೆಹಣ್ಣು. ನೋಡಲು ಪಕ್ಕಾ ಸಸ್ಯಾಹಾರ. ಆದರೆ ಎಲ್ಲಕ್ಕಿಂತ ಕೆಳಗೆ ರೊಟ್ಟಿಗೆ ಸವರುವುದು ಅಸಿಯೆಂತೊ, ಅಂದರೆ ಹಂದಿ ಕೊಬ್ಬಿನ ಗಸಿ. "ಸಿನ್ ಅಸಿಯೆಂತೊ" ಅನ್ನಿ, ಬಿಡುತ್ತಾರೆ. ಸಣ್ಣ ದಪ್ಪ ರೊಟ್ಟಿಯ ಮೆಮೆಲಾಗೂ ಅದೇ ಮಾತು. ಬೀನ್ಸ್ ಕಾಳನ್ನೂ ಹಂದಿ ಕೊಬ್ಬಿನಲ್ಲಿ ಒಗ್ಗರಿಸುವವರಿದ್ದಾರೆ, ಅದಕ್ಕೆ "ಸಿನ್ ಮಾಂತೆಕಾ". ಎಲೆಯಲ್ಲಿ ಸುತ್ತಿ ಬೇಯಿಸುವ ತಮಾಲ್ ಅನ್ನುವ ಕಡುಬಿನ ಹಿಟ್ಟಿನೊಳಗೇ ಕೊಬ್ಬು ಕಲಸಿರುತ್ತದೆ, ಅದನ್ನು ಬಿಟ್ಟುಬಿಡಿ. ಅನ್ನ, ಸೂಪ್ ಕೋಳಿ ಸಾರಿನಲ್ಲಿ ಬೆಂದಿರಬಹುದು. ಮೋಲೇ ಅನ್ನುವ ಕಪ್ಪು, ಕೆಂಪು, ಹಳದಿ ಗೊಜ್ಜುಗಳಿಗೇ ಈ ಊರು ಪ್ರಸಿದ್ಧ, ಹತ್ತಾರು ಸಾಮಾನು ಹುರಿದು ಅರೆದು ಮಾಡುತ್ತಾರೆ, ಅದನ್ನು ಸಡಿಲ ಮಾಡಲು ಹಾಕುವುದೂ ಹೆಚ್ಚಾಗಿ ಕೋಳಿ ಸಾರೇ. ತರಕಾರಿ ಸಾರಿನಲ್ಲಿ ಮಾಡುವ ಹೋಟೆಲುಗಳೂ ಇವೆ, ಕೇಳಿ ಕೂರಿ. ಇನ್ನೊಂದು ವಿಷಯ, "ಕಾರ್ನೆ (ಮಾಂಸ) ಬೇಡ" ಅಂದರೆ ಕೆಲವರಿಗೆ ದನ, ಹಂದಿ ಬೇಡ ಅಂತಷ್ಟೇ ಅರ್ಥ, ಕೋಳಿ ತಂದಿಡುತ್ತಾರೆ. ಕೋಳಿ, ಮೀನು, ಹ್ಯಾಮ್ ಎಲ್ಲ ಒಂದೊಂದಾಗಿ ಬೇಡ ಅನ್ನಿ. ಕಿತ್ತಳೆ ಹೋಳಿನ ಮೇಲೆ ಕೆಂಪಗೆ ಉದುರಿಸಿ ಕೊಡುವ ಪುಡಿ ಬರೀ ಖಾರದ ಪುಡಿ ಅಲ್ಲ, ಹುಳ ಅರೆದ ಉಪ್ಪು. ಬುಟ್ಟಿಯಲ್ಲಿ ಕೆಂಪಗೆ ಹೊಳೆಯುತ್ತಿರುವುದು ಹುರಿದ ಮಿಡತೆ, ಅದಂತೂ ನೋಡಿದರೇ ಗೊತ್ತಾಗುತ್ತದೆ.

ಇಷ್ಟು ಓದಿ ಹೆದರಬೇಡಿ. ಅಮ್ಮ ಅಲ್ಲಿ ಚೆನ್ನಾಗಿಯೇ ತಿಂದರು. ಕುಂಬಳದ ಹೂವು ಮತ್ತು ಚೀಸ್ ಇಟ್ಟು ಹೆಂಚಿನ ಮೇಲೆ ಸುಡುವ ಕೆಸದಿಯಾ, ಸುಟ್ಟ ಪಾಪಾಸುಕಳ್ಳಿ ಎಲೆ, ಬೆಣ್ಣೆಹಣ್ಣಿನ ಎಲೆ ಹಾಕಿ ಮಾಡುವ ಬೀನ್ಸ್ ಕಾಳಿನ ಗೊಜ್ಜಿನಲ್ಲಿ ಅದ್ದಿದ ರೊಟ್ಟಿ, ಅದರ ಹೆಸರು ಎನ್‌ಫ್ರಿಹೊಲಾದಾಸ್. ಸಂತೆಯಲ್ಲಿ ಹೆಂಗಸರು ದೊಡ್ಡ ಮಣ್ಣಿನ ಪಾತ್ರೆಯಲ್ಲಿ ಮೊಣಕೈವರೆಗೆ ಕೈ ಹಾಕಿ ಕಲಸುವ ತೆಹಾತೆ ಕುಡಿಯಿರಿ. ಮೆಕ್ಕೆಜೋಳ, ಕೊಕೊ, ಮಮೇ ಹಣ್ಣಿನ ಬೀಜ, ಒಂದು ಬಗೆಯ ಹೂವು, ಮೇಲೆ ಬಿಳಿ ನೊರೆ, ಬಣ್ಣ ಬಳಿದ ಸೋರೆಬುರುಡೆಯಲ್ಲಿ ಕೊಡುತ್ತಾರೆ. ಸಪ್ಪೆ ಅನ್ನಿಸಿದರೆ ಸಕ್ಕರೆ ನೀರು ಹಾಕಿಸಿಕೊಳ್ಳಿ. ಲಾ ಸೊಲೆದಾದ್ ಚರ್ಚಿನ ಮುಂದೆ ಐಸ್‌ಕ್ರೀಮ್ ಅಂಗಡಿಗಳ ಸಾಲೇ ಇದೆ. ಅಲ್ಲಿ ಸೀದ ಹಾಲಿನ ಐಸ್‌ಕ್ರೀಮ್ ಮತ್ತು ಪಾಪಾಸುಕಳ್ಳಿ ಹಣ್ಣಿನದು ಎರಡನ್ನೂ ಒಂದೇ ಕಪ್ಪಿನಲ್ಲಿ ಕೊಡುತ್ತಾರೆ. ಹಾಲು ತಳ ಹಿಡಿದ ವಾಸನೆ ಬೇಕಂತಲೇ ಬರಿಸಿರುತ್ತಾರೆ. ಅಮ್ಮ ಮೂಗು ಮುರಿದರು, ನಾನು ಇನ್ನೊಂದು ಕಪ್ ತಿಂದೆ.

ವೆಯಿಂತೆ ದೆ ನೊವಿಯೆಂಬ್ರೆ ಮಾರ್ಕೆಟ್ಟಿನಲ್ಲಿ ಮಾಂಸ ಸುಡುವ ಹೊಗೆ ಓಣಿ ಇದೆ, ಮಾಂಸ ತಿನ್ನುವವರಿಗೆ ಅದೇ ಮುಖ್ಯ ಆಕರ್ಷಣೆ, ತಿನ್ನದವರು ಬೇರೆ ಬಾಗಿಲಿನಿಂದ ಹೋಗಿ. ಅದರ ಹೊರಗಿನ ಮಿನಾ ಬೀದಿಯಲ್ಲಿ ಚಾಕೊಲೇಟ್ ಗಿರಣಿಗಳು. ಕೊಕೊ ಬೀಜ, ಸಕ್ಕರೆ, ಬಾದಾಮಿ, ಚಕ್ಕೆ ನಿಮ್ಮ ಅಳತೆಗೆ ಹಾಕಿ ಕಣ್ಣೆದುರೇ ಬೀಸಿ ಕೊಡುತ್ತಾರೆ. ಬೀದಿಯುದ್ದಕ್ಕೂ ಅದೇ ಪರಿಮಳ. ಸಕ್ಕರೆ ಕಮ್ಮಿ ಹಾಕಿಸಿ, ಅವರ ಮಾಮೂಲಿ ಅಳತೆ ನಮಗೆ ಸಿಹಿ ಜಾಸ್ತಿ. ಮುಖ್ಯ ಊಟದ ಹೊತ್ತು ಮಧ್ಯಾಹ್ನ ಎರಡರಿಂದ ನಾಲ್ಕು, ಹನ್ನೆರಡಕ್ಕೆ ಹೋಗಿ ಊಟ ಕೇಳಿದರೆ ತಿಂಡಿಯ ಮೆನು ಕೊಡುತ್ತಾರೆ. ಬಿಲ್ ನೀವು ಕೇಳುವವರೆಗೂ ತರುವುದಿಲ್ಲ, ಅದು ಅಲ್ಲಿನ ಮರ್ಯಾದೆ. ಟಿಪ್ಸ್ 10ರಿಂದ 15 ಪರ್ಸೆಂಟ್.

ನಲ್ಲಿ ನೀರು ಕುಡಿಯಬೇಡಿ, ರೂಮಿನಲ್ಲಿ 20 ಲೀಟರಿನ ಕ್ಯಾನ್ ಇಟ್ಟಿರುತ್ತಾರೆ. ಊರಿಗೇ ನೀರಿನ ಕೊರತೆ, ಬೀದಿಯಲ್ಲಿ ನೀರಿನ ಟ್ಯಾಂಕರ್‌ಗಳ ಓಡಾಟ. ಬೆಂಗಳೂರಿನವರಿಗೆ ಮನೆ ನೆನಪಾಗುತ್ತದೆ ಬಿಡಿ. ಸಂತೆಗೂ ಟ್ಯಾಕ್ಸಿಗೂ ನಗದು ಪೆಸೊ ಬೇಕು. ಬ್ಯಾಂಕಿನ ಎಟಿಎಂನಲ್ಲೇ ತೆಗೆಯಿರಿ, ನಿಮ್ಮ ದೇಶದ ಕರೆನ್ಸಿಗೆ ಪರಿವರ್ತಿಸಬೇಕಾ ಅಂತ ಪರದೆ ಕೇಳಿದರೆ ಬೇಡ ಅಂತ ಒತ್ತಿ. ಮೆನುವಿನಲ್ಲಿ ಡಾಲರ್ ಚಿಹ್ನೆ ಕಂಡು ಗಾಬರಿಯಾಗಬೇಡಿ, ಪೆಸೊಗೂ ಅದೇ ಚಿಹ್ನೆ. ಟ್ಯಾಕ್ಸಿಗೆ ಮೀಟರ್ ಇಲ್ಲ, ಹತ್ತುವ ಮೊದಲೇ ದರ ಮಾತಾಡಿ. ಕರೆಂಟ್ 127 ವೋಲ್ಟ್, ಪ್ಲಗ್ ಅಮೆರಿಕದ್ದೇ. ಊರಿನಿಂದ ತಂದ ಕುಕ್ಕರ್, ಕೆಟಲ್ ಅಲ್ಲಿ ಸರಿಯಾಗಿ ಕಾಯುವುದಿಲ್ಲ. ಮೆಕ್ಸಿಕೊ 2022ರಲ್ಲಿ ಬೇಸಿಗೆಯ ಗಡಿಯಾರ ಬದಲಾವಣೆಯನ್ನು ಬಹುತೇಕ ಕಡೆ ಕೈಬಿಟ್ಟಿತು, ಹಾಗಾಗಿ ಭಾರತಕ್ಕಿಂತ ವರ್ಷಪೂರ್ತಿ ಹನ್ನೊಂದೂವರೆ ಗಂಟೆ ಹಿಂದೆ. ಅಮ್ಮಂದಿರ ಮಾತ್ರೆ ಹೊತ್ತು ಲೆಕ್ಕ ಹಾಕಲು ಬೇಕಾಗುತ್ತದೆ.

ರೂಮು ಸೋಕಲೊ ಚೌಕಕ್ಕೂ ಸಾಂತೊ ದೊಮಿಂಗೊ ಚರ್ಚಿಗೂ ನಡುವೆ ಎಲ್ಲೇ ಸಿಕ್ಕರೂ ಒಳ್ಳೆಯದು, ಎಲ್ಲ ನಡೆದೇ ಆಗುತ್ತದೆ. ಹಲಾತ್ಲಾಕೊ ಬಡಾವಣೆ ಫೋಟೋದಲ್ಲಿ ಚಂದ, ನಿಜದಲ್ಲೂ ಚಂದ, ಆದರೆ ಕಲ್ಲು ಹಾಸಿದ ರಸ್ತೆ, ಟ್ರಾಲಿ ಬ್ಯಾಗ್ ಎಳೆಯುವವರಿಗೂ ಮಂಡಿ ನೋವಿನವರಿಗೂ ಹಿಂಸೆ. ಬೀದಿ ಕಡೆ ಕಿಟಕಿ ಬೇಡ, ಒಳ ಅಂಗಳದ ಕಡೆ ರೂಮು ಕೇಳಿ. ಈ ಊರಿನಲ್ಲಿ ಮದುವೆ ಅಂದರೂ ಬ್ಯಾಂಡು, ಸಂತರ ಹಬ್ಬ ಅಂದರೂ ಪಟಾಕಿ, ಯಾವ ಹೊತ್ತಿಗೆ ಅಂತ ಹೇಳಲಾಗದು. ಭೂಕಂಪದ ಪ್ರದೇಶ ಬೇರೆ. ಬೀದಿಯ ಸ್ಪೀಕರುಗಳಲ್ಲಿ ಎಚ್ಚರಿಕೆ ಸೈರನ್ ಕೂಗಿದರೆ ಎಲ್ಲರೂ ಹೋಗುವ ಕಡೆ ಹೊರಗೆ ನಡೆಯಿರಿ, ಹೊರಬರುವ ದಾರಿ ಯಾವುದು ಅಂತ ಮೊದಲ ದಿನವೇ ನೋಡಿಟ್ಟುಕೊಳ್ಳಿ.

ವಾಪಸ್ ಹೊರಡುವ ದಿನ ಬಿಗಿಯಾಗಿ ಸಮಯ ಇಟ್ಟುಕೊಳ್ಳಬೇಡಿ. ಇಲ್ಲಿ ಶಿಕ್ಷಕರ ಸಂಘ, ಹಳ್ಳಿಯವರು, ಟ್ಯಾಕ್ಸಿಯವರು, ಯಾರಿಗೆ ಸಿಟ್ಟು ಬಂದರೂ ರಸ್ತೆ ತಡೆ. ಪ್ರವಾಸಿಗರಿಗೆ ಏನೂ ಮಾಡುವುದಿಲ್ಲ, ಆದರೆ ವಾಹನ ಮುಂದೆ ಹೋಗುವುದಿಲ್ಲ. ಬೆಳಗ್ಗೆ ಎದ್ದ ಕೂಡಲೇ ರೂಮಿನವರನ್ನು "ಇವತ್ತು ಬ್ಲೊಕೆಯೊ ಇದೆಯಾ" ಅಂತ ಕೇಳಿ, ಅವರಿಗೆ ಗೊತ್ತಿರುತ್ತದೆ.

ಕೊಳ್ಳುವುದಾದರೆ ಚಾಕೊಲೇಟ್ ಮತ್ತು ಮೋಲೇ ಪೇಸ್ಟ್. ಪೇಸ್ಟನ್ನು ಚೆಕ್-ಇನ್ ಬ್ಯಾಗಿನಲ್ಲೇ ಹಾಕಿ, ಕೈಚೀಲದಲ್ಲಿದ್ದರೆ ಸೆಕ್ಯುರಿಟಿಯಲ್ಲಿ ತೆಗೆದುಬಿಡುತ್ತಾರೆ, ಕೊಳ್ಳುವಾಗ ಅದರಲ್ಲಿ ಕೊಬ್ಬು ಇದೆಯಾ ಅಂತಲೂ ಕೇಳಿ. ಸಾನ್ ಬಾರ್ತೊಲೊ ಕೊಯೊತೆಪೆಕ್‌ನ ಹೊಳೆಯುವ ಕಪ್ಪು ಮಣ್ಣಿನ ಹೂಜಿ ಬಹಳ ಚಂದ, ಆದರೆ ಅದು ನೋಟಕ್ಕೆ ಮಾತ್ರ, ನೀರು ತುಂಬಿದರೆ ಜಿನುಗುತ್ತದೆ. ಬಟ್ಟೆಯ ನಡುವೆ ಸುತ್ತಿ ತನ್ನಿ.